ಹುಲಿಗೆಮ್ಮನ ಮುಂಗೈ ಗುಣವಾದ ಮಳೆಗಾಲ

ಆಲೂಗಡ್ಡೆ ಕುದಿಯುವ ವಾಸನೆ ಬಂದರೆ ಬೇರೆಯವರಿಗೆ ಪಲ್ಯ ನೆನಪಾಗುತ್ತದೆ. ನನಗೆ ಬೂಷ್ಟು ನೆನಪಾಗುತ್ತದೆ. ಮೊನ್ನೆ ಮನೆಯಲ್ಲಿ ಕುಕ್ಕರಿನ ಮುಚ್ಚಳ ತೆಗೆದಾಗ ಆವಿ ಮುಖಕ್ಕೆ ಬಡಿಯಿತು, ಕೈ ತಾನಾಗಿಯೇ ಸೋಸುವ ಬಟ್ಟೆ ಹುಡುಕಿತು. ಕೆಲವು ವರ್ಷಗಳ ಹಿಂದೆ, ಹೊಸಪೇಟೆಯ ಒಂದು ಚರ್ಮರೋಗದ ಆಸ್ಪತ್ರೆಯ ಹಿಂಬದಿ ಕೋಣೆಯಲ್ಲಿ, ಒಂದು ಮಳೆಗಾಲವಿಡೀ ನಾನು ಆಲೂಗಡ್ಡೆ ಬೇಯಿಸಿ, ಆ ನೀರನ್ನು ಸೋಸಿ, ಸಕ್ಕರೆ ಮತ್ತು ಅಗರ್ ಬೆರೆಸಿ, ಗಾಜಿನ ತಟ್ಟೆಗಳಲ್ಲಿ ಹೆಪ್ಪುಗಟ್ಟಿಸುತ್ತಿದ್ದೆ. ಜನರ ಮೈಮೇಲಿಂದ ಕೆರೆದು ತೆಗೆದ ಗಜಕರ್ಣಕ್ಕೆ ಅದೇ ಊಟ. ಅದು ಚೆನ್ನಾಗಿ ಉಂಡು ಬೆಳೆಯಬೇಕು. ಬೆಳೆದ ಮೇಲೆ ಯಾವ ಔಷಧಿಗೆ ಅದು ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಎಂದು ನಾನು ನೋಡಬೇಕು. ಎಂ.ಎಸ್ಸಿ. ಮುಗಿಸಿದ ನನಗೆ ಸಿಕ್ಕ ಮೊದಲ ಕೆಲಸ ಅದು.

ಆ ವರ್ಷ ಮಳೆ ಸುರಿದದ್ದೇ ಸುರಿದದ್ದು ಎಂದು ಬರೆಯಲು ಹೊರಟಿದ್ದೆ. ಡೈರಿ ತೆಗೆದು ನೋಡಿದರೆ ಹಾಗೇನೂ ಇಲ್ಲ. ವಾರಗಟ್ಟಲೆ ಬರೀ ಮೋಡ, ನಡುವೆ ನಾಲ್ಕು ಹನಿ, ಮತ್ತೆ ಧಗೆ. ಮಳೆ ಬಿದ್ದದ್ದು ದೂರದ ಮಲೆಗಳಲ್ಲಿ. ನಮಗೆ ಬಂದದ್ದು ಅದರ ನೀರು. ಡ್ಯಾಮು ತುಂಬಿತು, ಕಾಲುವೆಗೆ ಬಿಟ್ಟರು, ಊರಿನ ಸುತ್ತ ಬಾಳೆ, ಕಬ್ಬು, ಭತ್ತ ಎಲ್ಲ ಒಟ್ಟಿಗೆ ಉಸಿರಾಡತೊಡಗಿದವು. ಒಣಹಾಕಿದ ಬಟ್ಟೆ ಸಂಜೆಗೂ ಒಣಗುತ್ತಿರಲಿಲ್ಲ. ನನ್ನ ನೆನಪಿನಲ್ಲಿ ಉಳಿದ ಮಳೆ ಬಹುಶಃ ಆ ಒದ್ದೆ ಬಟ್ಟೆಗಳದ್ದು.

ಒದ್ದೆ ಬಟ್ಟೆಯೇ ನಮ್ಮ ಆಸ್ಪತ್ರೆಯನ್ನು ತುಂಬಿಸಿತು. ಕಂಪ್ಲಿ ಕಡೆಯಿಂದ ನಾಟಿ ಮಾಡುವ ಹೆಂಗಸರು ಬರುತ್ತಿದ್ದರು, ಅವರ ಕಾಲು ಹಗಲೆಲ್ಲ ಗದ್ದೆಯ ನೀರಿನಲ್ಲಿ. ಸಂಡೂರಿನ ಕಡೆಯಿಂದ ಗಣಿಯವರು, ಟಿಪ್ಪರ್ ಓಡಿಸುವವರು ಬರುತ್ತಿದ್ದರು. ಅವರ ಚರ್ಮ ಕೆರೆದರೆ ಕೆಳಗೆ ಹಿಡಿದ ಕಪ್ಪು ಕಾಗದದ ಮೇಲೆ ಬಿಳಿ ಹುಡಿಯ ಬದಲು ಅದಿರಿನ ಕೆಂಪು ಹುಡಿ ಉದುರುತ್ತಿತ್ತು. ಒಬ್ಬರು ಗಜಕರ್ಣ ಎಂದರೆ ಇನ್ನೊಬ್ಬರು ಹುಳಕಡ್ಡಿ ಎನ್ನುತ್ತಿದ್ದರು, ತೆಲುಗು ಮನೆಮಾತಿನವರು ತಾಮರ ಎನ್ನುತ್ತಿದ್ದರು. ಮೊದಲೆಲ್ಲ ಒಂದು ತಿಂಗಳ ಮಾತ್ರೆಗೆ ಹೋಗುತ್ತಿದ್ದ ರೋಗ ಈಗ ವರ್ಷವಾದರೂ ಹೋಗುತ್ತಿರಲಿಲ್ಲ. ಯಾಕೆ ಎಂದು ತಿಳಿಯುವುದಕ್ಕೇ ನನ್ನನ್ನು ಅಲ್ಲಿ ಕೂರಿಸಿದ್ದರು.

ಮೊದಲ ತಿಂಗಳು ನನ್ನ ತಟ್ಟೆಗಳಲ್ಲಿ ಏನೂ ಬೆಳೆಯಲಿಲ್ಲ. ನಾನು ಆಲೂಗಡ್ಡೆಯನ್ನು ಅನುಮಾನಿಸಿದೆ, ನೀರನ್ನು ಅನುಮಾನಿಸಿದೆ, ಕೊನೆಗೆ ನನ್ನ ಪದವಿಯನ್ನೇ ಅನುಮಾನಿಸಿದೆ. ಕಾರಣ ಹೇಳಿದವರು ಆಸ್ಪತ್ರೆಯ ಡಾಕ್ಟರ್ ಸರೋಜಾ. ಅವರು ಹೊಸಪೇಟೆಯಲ್ಲೇ ಹುಟ್ಟಿ ಬೆಳೆದವರು. ನಮ್ಮ ಕಡೆ ಜನ ಡಾಕ್ಟರ ಹತ್ತಿರ ಹೋಗುವುದೆಂದರೆ ಬೀಗರ ಮನೆಗೆ ಹೋದಂತೆ ಎಂದರು. ಬೆಳಿಗ್ಗೆ ಎದ್ದು ಸೋಪು ಹಚ್ಚಿ ಉಜ್ಜಿ ಸ್ನಾನ ಮಾಡಿ, ಕಾಯಿಲೆಯ ಜಾಗಕ್ಕೆ ಅರಿಸಿನ, ಕೊಬ್ಬರಿ ಎಣ್ಣೆ, ಮನೆಯಲ್ಲಿರುವ ಯಾವುದೋ ಮುಲಾಮು, ಎಲ್ಲ ಬಳಿದುಕೊಂಡು, ಡಾಕ್ಟರ ಕಣ್ಣಿಗೆ ಕಡಿಮೆ ಕಾಣಲಿ ಎಂದು ಸಜ್ಜಾಗಿ ಬರುತ್ತಿದ್ದರು. ಮುಲಾಮು ಹಚ್ಚಿದ ಚರ್ಮದಿಂದ ತೆಗೆದ ಹುಡಿಯಲ್ಲಿ ಶಿಲೀಂಧ್ರ ಅರೆಜೀವವಾಗಿರುತ್ತಿತ್ತು. ತಟ್ಟೆಯಲ್ಲಿ ಬೆಳೆಯುತ್ತಿರಲಿಲ್ಲ. ಮೈಮೇಲೆ ಮಾತ್ರ ಮುಂದಿನ ವಾರ ಮತ್ತೆ ಅರಳುತ್ತಿತ್ತು.

ಹುಲಿಗೆಮ್ಮ ಬಂದದ್ದು ಆಗ. ಮೂವತ್ತರ ಆಚೀಚಿನ ಹೆಂಗಸು, ಕಡ್ಡಿರಾಂಪುರದವಳು. ರವಿಕೆಯ ತೋಳು ಉದ್ದ, ಅದರ ಮೇಲೆ ಸೆರಗು. ಸೆರಗು ಸರಿಸಿ ತೋಳು ಮಡಚಿದರೆ ಎರಡೂ ಮುಂಗೈಗಳ ಮೇಲೆ ಬಳೆಯ ಅಂಚಿನಿಂದ ಮೊಣಕೈವರೆಗೆ ಕೆಂಪು ಉಂಗುರಗಳು. ಅವುಗಳ ಮೇಲೆ ಅರಿಸಿನ ಮಿಂಚುತ್ತಿತ್ತು.

"ಇದೇನವ್ವ, ಮದಿಮಗಳ ಹಂಗ ಅರಿಸಿನ ಹಚ್ಚಿಕೊಂಡು ಬಂದೀ?" ಎಂದರು ಡಾಕ್ಟರು.

"ಮತ್ತೇನ್ರೀ ಡಾಕ್ಟರಮ್ಮ, ಹೊಲಸು ಕೈ ತಂದು ನಿಮ್ಮ ಟೇಬಲ್ ಮ್ಯಾಲೆ ಇಡ್ಲೇನು?"

"ಹೊಲಸು ಕೈನೇ ಬೇಕು ನಮಗ. ಹದಿನೈದು ದಿನ ಏನೂ ಹಚ್ಚಬ್ಯಾಡ. ಮುಲಾಮು ಬ್ಯಾಡ, ಎಣ್ಣಿ ಬ್ಯಾಡ, ಮಾತ್ರೆ ಬ್ಯಾಡ."

ಹುಲಿಗೆಮ್ಮ ನನ್ನ ಕಡೆ ನೋಡಿದಳು, ಇವರಿಗೆ ಬುದ್ಧಿ ನೆಟ್ಟಗಿದೆಯೇ ಎನ್ನುವಂತೆ. "ಹಂಗ ಬಿಟ್ರ ಕೈತುಂಬ ಹೊಲ ಆಗತೈತ್ರಿ."

"ಆಗ್ಲಿ. ನಮಗ ಬೆಳಿ ಬೇಕು."

ಅವಳು ನಗಲಿಲ್ಲ. ಆಗಲೇ ಅವಳು ತನ್ನ ಕಷ್ಟವನ್ನು ಹೇಳಿದ್ದು. ಹಂಪಿಗೆ ಹೋಗುವ ರಸ್ತೆಯ ಬದಿಯ ಖಾನಾವಳಿಯಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದಳು. ಒಲೆ ಒಳಗಲ್ಲ, ಮುಂಭಾಗದಲ್ಲೇ, ಬಂದವರಿಗೆ ಕಾಣುವಂತೆ. ಎದ್ದುಬಂದ ಉಂಗುರಗಳನ್ನು ಒಬ್ಬ ಗಿರಾಕಿ ನೋಡಿ ಊಟ ಬಿಟ್ಟು ಎದ್ದು ಹೋಗಿದ್ದ. ಅಂದಿನಿಂದ ಖಾನಾವಳಿಯ ಬಸಣ್ಣ ಅವಳನ್ನು ಮನೆಯಲ್ಲಿರಲು ಹೇಳಿದ್ದ. ಮಳೆಗಾಲದಲ್ಲಿ ಹೇಗೂ ಗಿರಾಕಿ ಕಡಿಮೆ. ದಸರೆ ಮುಗಿದರೆ ಪ್ರವಾಸಿಗರು ಬರುತ್ತಾರೆ. ಅಷ್ಟರಲ್ಲಿ ಕೈ ಶುದ್ಧವಾದರೆ ಸರಿ, ಇಲ್ಲದಿದ್ದರೆ ಬೇರೆಯವಳನ್ನು ಕಾಯಂ ಮಾಡಿಕೊಳ್ಳುತ್ತೇನೆ ಎಂದಿದ್ದ.

"ರೊಟ್ಟಿ ಬಡಿಯೋದು ಬಿಟ್ರ ನನಗೇನು ಬರತೈತ್ರೀ" ಎಂದಳು. ಈ ಮಾತು ಅವಳು ಆವತ್ತೇ ಆಡಿದ್ದೋ, ಅವಳನ್ನು ಚೆನ್ನಾಗಿ ಬಲ್ಲ ಮೇಲೆ ನಾನು ಅವಳ ಬಾಯಲ್ಲಿಟ್ಟದ್ದೋ, ಖಚಿತವಿಲ್ಲ. ಆದರೆ ಆವತ್ತು ಅವಳು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡ ರೀತಿ ನನಗೆ ನಿಚ್ಚಳ.

ಆ ಹದಿನೈದು ದಿನಗಳಲ್ಲಿ ಒಂದು ಭಾನುವಾರ ನಾನು ಹಂಪಿಗೆ ಹೋಗುವ ನೆವದಲ್ಲಿ ಕಡ್ಡಿರಾಂಪುರದಲ್ಲಿ ಇಳಿದು ಆ ಖಾನಾವಳಿಗೆ ಹೋದೆ. ಬಸಣ್ಣ ಕೆಟ್ಟವನಿರಬೇಕು ಎಂದುಕೊಂಡಿದ್ದೆ. ಅವನು ದಪ್ಪ ಮೀಸೆಯ, ಸಪ್ಪೆ ಮುಖದ ಮನುಷ್ಯ. ಅವನೇ ಬಂದು ಬಡಿಸಿದ. ರೊಟ್ಟಿ ದಪ್ಪ, ಅಂಚು ಸೀಳು.

"ನೋಡ್ರಿ, ಹಿಂಗಾಗೈತಿ" ಎಂದ, ನಾನು ಕೇಳದೆಯೇ. "ಈಕಿ ಹೊಸಾಕಿ. ಬಡದ್ರ ಸಪ್ಪಳಾನೇ ಬರಂಗಿಲ್ಲ. ಹುಲಿಗೆಮ್ಮ ಬಡಿಯೋ ಸಪ್ಪಳಕ್ಕ ಗಾಡಿ ನಿಂದರತಿದ್ವು."

"ಮತ್ತೆ ಅವಳನ್ನೇ ಕರೆಸಿಕೊಳ್ಳಿ."

"ಕರೀತೀನ್ರಿ. ಆದ್ರ ಊಟಕ್ಕ ಬಂದೋರು ಮದ್ಲು ಕಣ್ಣೀಲೆ ಉಣ್ತಾರ, ಆಮ್ಯಾಲೆ ಬಾಯೀಲೆ. ನಾನೇನ್ ಮಾಡ್ಲಿ?"

ನಾನು ಆ ದಪ್ಪ ರೊಟ್ಟಿಯನ್ನೇ ಮುರಿದು ತಿಂದೆ.

ಹುಲಿಗೆಮ್ಮ ಮಾತಿಗೆ ತಪ್ಪಲಿಲ್ಲ. ಮರಳಿ ಬಂದಾಗ ಕೈ ನೋಡಲಾಗುತ್ತಿರಲಿಲ್ಲ. ತುರಿಕೆಯಿಂದ ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. "ತಗೋರಿ ನಿಮ್ಮ ಬೆಳಿ" ಎಂದು ಎರಡೂ ಕೈ ಚಾಚಿದಳು. ಉಂಗುರದ ಅಂಚಿನಿಂದ ಕೆರೆದೆ. ಕಪ್ಪು ಕಾಗದದ ಮೇಲೆ ಹುಡಿ ಧಾರಾಳವಾಗಿ ಬಿತ್ತು. ಒಂದು ವಾರ ದಾಟುವಷ್ಟರಲ್ಲಿ ತಟ್ಟೆಯ ನಡುವೆ ಬಿಳಿ ಹತ್ತಿಯ ಚುಕ್ಕೆ ಎದ್ದು, ಆಮೇಲೆ ಸುತ್ತಲೂ ಹರಡಿತು. ಅದನ್ನು ಕಂಡು ನಾನು ಕುಣಿದಾಡಿದೆ. ಒಬ್ಬಳ ಸಂಕಟ ಇನ್ನೊಬ್ಬಳ ಸಂಭ್ರಮವಾಗುವ ಈ ಕೆಲಸ ಎಂಥದ್ದು ಎಂದು ಅದೇ ಸಂಜೆ ಡೈರಿಯಲ್ಲಿ ಬರೆದುಕೊಂಡಿದ್ದೇನೆ.

ಪರೀಕ್ಷೆ ಹೇಳಲು ಸುಲಭ. ಚಿಕ್ಕ ಚಿಕ್ಕ ಗುಳಿಗಳಿರುವ ಪ್ಲಾಸ್ಟಿಕ್ ಹಲಗೆ, ನೋಡಲು ಪಡ್ಡಿನ ಹಂಚಿನಂತೆ. ಒಂದು ಸಾಲಿಗೆ ಒಂದು ಔಷಧಿ. ಮೊದಲ ಗುಳಿಯಲ್ಲಿ ಗಟ್ಟಿ, ಮುಂದಿನದರಲ್ಲಿ ಅದರ ಅರ್ಧ, ಹೀಗೆ ತೆಳುವಾಗುತ್ತ ಹೋಗುತ್ತದೆ. ಎಲ್ಲದಕ್ಕೂ ಒಂದೇ ಅಳತೆಯ ಶಿಲೀಂಧ್ರ ಬಿಡಬೇಕು. ಕೆಲವು ದಿನ ಬೆಚ್ಚಗಿಟ್ಟು ನೋಡಬೇಕು. ಗುಳಿ ತಿಳಿಯಾಗಿದ್ದರೆ ಔಷಧಿ ಗೆದ್ದಿದೆ, ಮಸುಕಾಗಿದ್ದರೆ ಶಿಲೀಂಧ್ರ ಗೆದ್ದಿದೆ. ನಮ್ಮ ಕೈಯ ತಪ್ಪನ್ನು ಹಿಡಿಯಲು, ಉತ್ತರ ಮೊದಲೇ ಗೊತ್ತಿರುವ ಒಂದು ಶಿಲೀಂಧ್ರವನ್ನೂ ಪಕ್ಕದಲ್ಲಿ ಇಡುತ್ತೇವೆ.

ಹುಲಿಗೆಮ್ಮನ ಹಲಗೆಯನ್ನು ಬೆಳಕಿಗೆ ಹಿಡಿದಾಗ ಟರ್ಬಿನಾಫಿನ್ ಸಾಲು ಮೊದಲಿಂದ ಕೊನೆಯವರೆಗೂ ಮಸುಕು. ಅದೇ ಮಾತ್ರೆಯನ್ನು ಅವಳು ತಿಂಗಳುಗಟ್ಟಲೆ ನುಂಗಿದ್ದಳು. ಅವಳು ಸರಿಯಾಗಿ ನುಂಗಿಲ್ಲ ಎಂದು ಎಲ್ಲರೂ ಬೈದಿದ್ದರು. ನುಂಗಿದ್ದಳು, ಪಾಪ. ಮಾತ್ರೆಗೆ ಆ ಶಿಲೀಂಧ್ರ ಕ್ಯಾರೇ ಅಂದಿರಲಿಲ್ಲ. ಕೆಳಗಿನ ಸಾಲಿನಲ್ಲಿ ಇಟ್ರಾಕೊನಜೋಲ್ ಎಂಬ ಇನ್ನೊಂದು ಔಷಧಿಯಿತ್ತು. ಅದರ ಗುಳಿಗಳು ತಿಳಿನೀರಿನಂತೆ ಹೊಳೆಯುತ್ತಿದ್ದವು.

ಡಾಕ್ಟರು ಮಾತ್ರೆ ಬದಲಿಸಿದರು. ಉಂಗುರಗಳು ಮಾಸತೊಡಗಿದವು. ಹುಲಿಗೆಮ್ಮ ಬರುವಾಗ ಸೆರಗಿನಲ್ಲಿ ಬಾಳೆಹಣ್ಣು ಕಟ್ಟಿಕೊಂಡು ಬರುತ್ತಿದ್ದಳು. ನನಗೆ 'ಲ್ಯಾಬ್ ಮೇಡಮ್ಮ' ಎಂದು ಹೆಸರಿಟ್ಟಳು. ಇಲ್ಲಿಗೇ ಕತೆ ಮುಗಿದಿದ್ದರೆ ನಾನು ಅದನ್ನು ಮರೆತೇಬಿಡುತ್ತಿದ್ದೆನೇನೋ.

ಗಣೇಶನ ಹಬ್ಬ ಕಳೆದ ಮೇಲೆ, ಮಾತ್ರೆ ಮುಗಿದ ಕೆಲವೇ ದಿನಕ್ಕೆ, ಅವಳು ಖಾಲಿ ಸೆರಗಿನಲ್ಲಿ ಬಂದಳು. ಕೈಯ ಮೇಲೆ ಮತ್ತೆ ಎರಡು ಉಂಗುರ. "ನಿಮ್ಮ ಔಷಧಿನೂ ಸೋತು ಹೋತೇನ್ರಿ?" ಎಂದಳು.

ನನ್ನ ಹೆದರಿಕೆಯೂ ಅದೇ. ಮತ್ತೆ ಕೆರೆದೆ, ಬೆಳೆಸಿದೆ, ಹಲಗೆಯಲ್ಲಿಟ್ಟೆ. ಆ ದಿನಗಳಲ್ಲಿ ನಾನು ಸರಿಯಾಗಿ ಊಟ ಮಾಡಲಿಲ್ಲ ಎಂದು ಡೈರಿ ಹೇಳುತ್ತದೆ. ನನಗೆ ನೆನಪಿಲ್ಲ. ನೆನಪಿರುವುದು ಹಲಗೆಯನ್ನು ಮತ್ತೆ ಬೆಳಕಿಗೆ ಹಿಡಿದ ಕ್ಷಣ. ಇಟ್ರಾಕೊನಜೋಲ್ ಸಾಲು ಹಿಂದಿನಷ್ಟೇ ತಿಳಿ. ಔಷಧಿ ಸೋತಿರಲಿಲ್ಲ. ಹಾಗಾದರೆ ಅದು ಎಲ್ಲಿಂದಲೋ ಮತ್ತೆ ಮತ್ತೆ ಬಂದು ಹತ್ತುತ್ತಿತ್ತು.

"ಮನ್ಯಾಗ ಯಾರಿಗೈತಿ?" ಎಂದು ಡಾಕ್ಟರು ಕೇಳಿದರು.

"ಯಾರಿಗೂ ಇಲ್ರಿ."

"ಗಂಡಗ?"

ಹುಲಿಗೆಮ್ಮ ಬಳೆ ತಿರುವಿದಳು. "ಅಂವ ತೋರ್ಸಿದ್ರ ಅಲ್ಲೇನ್ರಿ ಗೊತ್ತಾಗೋದು."

ಗಂಡ ಪಂಪಾಪತಿ ಸಂಡೂರಿನ ಗಣಿಯಲ್ಲಿ ಟಿಪ್ಪರ್ ಡ್ರೈವರ್. ಅವನನ್ನು ಕರೆತರಲು ಒಂದು ವಾರ ಹಿಡಿಯಿತು. ಜೊತೆಗೆ ಅವನ ತಾಯಿ ದುರುಗಮ್ಮನೂ ಬಂದಳು, ಮಗ ನಡುದಾರಿಯಲ್ಲಿ ತಪ್ಪಿಸಿಕೊಳ್ಳದಂತೆ. ಅಂಗಿ ಎತ್ತಿಸಿದರೆ ಸೊಂಟದ ಸುತ್ತ, ಕಪ್ಪು ಉಡದಾರದ ಕೆಳಗೆ, ಇನ್ನೊಂದು ಉಡದಾರ ಕಟ್ಟಿದಂತೆ ಕೆಂಪು ಪಟ್ಟಿ. ದಿನವಿಡೀ ಕ್ಯಾಬಿನ್ನಿನಲ್ಲಿ ಕೂತು ಬೆವರುವ ಮೈ, ಅದಿರಿನ ಧೂಳು, ಎಂದೂ ಒಣಗದ ದಾರ. ಅವನ ಟವೆಲ್ಲು, ಲುಂಗಿ ಎಲ್ಲವನ್ನೂ ಒಂದೇ ಬಕೀಟಿನಲ್ಲಿ ನೆನೆಹಾಕಿ ಒಗೆಯುತ್ತಿದ್ದುದು ಹುಲಿಗೆಮ್ಮನ ಕೈ.

"ಮಾತ್ರೆ ಕೊಡ್ತೀನಿ" ಎಂದರು ಡಾಕ್ಟರು. "ಆದ್ರ ಈ ಉಡದಾರ ತೆಗೀಬೇಕು."

ಪಂಪಾಪತಿ ಅಂಗಿ ಕೆಳಗಿಳಿಸಿದ. "ಅದೊಂದು ಕೇಳಬ್ಯಾಡ್ರಿ. ಉಡದಾರ ಹೆಣಕ್ಕ ತೆಗೀತಾರ, ಜೀವ ಇದ್ದೋರಿಗಲ್ಲ."

"ಮತ್ತ ಹೆಂಡ್ತಿ ಕೆಲಸ ಹೋದ್ರ?"

"ನನ್ನ ದಾರಕ್ಕೂ ಆಕಿ ಕೆಲಸಕ್ಕೂ ಏನ್ ಸಂಬಂಧ್ರೀ? ದಾರಕ್ಕೇನ್ ರೋಗ ಬರತೈತೇನು?"

ಅವನ ಪ್ರಶ್ನೆ ತಪ್ಪಲ್ಲ ಅನ್ನಿಸಿತು. ದಾರಕ್ಕೆ ರೋಗವಿದೆಯೇ ಎಂದು ನಾವ್ಯಾರೂ ನೋಡಿರಲಿಲ್ಲ. ಇದೆ ಎಂದು ಪುಸ್ತಕದ ಬಲದಿಂದ ಹೇಳುತ್ತಿದ್ದೆವು. ಗಂಟಿನ ಆಚೆ ಎರಡು ಎಳೆಗಳು ಬಾಲದಂತೆ ಜೋತಾಡುತ್ತಿದ್ದವು. ಒಂದರ ತುದಿಯನ್ನಷ್ಟೇ ಕತ್ತರಿಸಲು ಬಿಡುತ್ತೀರಾ, ಗಂಟಿಗೆ ಕತ್ತರಿ ತಾಕಿಸುವುದಿಲ್ಲ ಎಂದು ಕೇಳಿದೆ. ಅವನು ತಾಯಿಯ ಮುಖ ನೋಡಿದ.

"ಬಾಲಾನೇ ಕೇಳ್ತಾಳಪ್ಪ, ಕೊಡು" ಎಂದಳು ದುರುಗಮ್ಮ. "ನಿನ್ನ ಮೂಗೇನ್ ಕೇಳಿಲ್ಲ."

ಅಕ್ಕಿಕಾಳಿನಷ್ಟುದ್ದದ ಆ ತುಣುಕನ್ನು ಬೇರೆ ಬೂಷ್ಟುಗಳನ್ನು ತಡೆಯುವ ಔಷಧಿ ಬೆರೆಸಿದ ತಟ್ಟೆಯ ಮೇಲೆ ಮಲಗಿಸಿದೆ. ದಸರೆ ಹತ್ತಿರವಾಗುತ್ತಿತ್ತು. ನಾನು ದಿನವೂ ಇಣುಕುತ್ತಿದ್ದೆ. ದಾರದ ಒಂದು ಪಕ್ಕದಲ್ಲಿ ಮೊದಲು ಬಿಳಿ ನವಿರು ಎದ್ದಿತು, ಆಮೇಲೆ ಇನ್ನೊಂದು ಪಕ್ಕದಲ್ಲಿ. ಕೊನೆಗೆ ಕಪ್ಪು ದಾರ ಬಿಳಿ ಉಣ್ಣೆಯೊಳಗೆ ಮುಚ್ಚಿಹೋಯಿತು. ಅದನ್ನು ಹಲಗೆಯಲ್ಲಿಟ್ಟಾಗ ಟರ್ಬಿನಾಫಿನ್ ಸಾಲು ಪೂರ್ತಿ ಮಸುಕು, ಇಟ್ರಾಕೊನಜೋಲ್ ಸಾಲು ತಿಳಿ. ಹುಲಿಗೆಮ್ಮನ ಕೈಯಲ್ಲಿ ಕಂಡದ್ದೇ. ಎರಡೂ ಒಂದೇ ಎಂದು ಇಷ್ಟರಿಂದಲೇ ಸಾಧಿಸಿದಂತಾಗುವುದಿಲ್ಲ. ಆದರೆ ನಮ್ಮ ಕೆಲಸಕ್ಕೆ ಅಷ್ಟು ಸಾಕಿತ್ತು.

ಮುಚ್ಚಿ ಅಂಟಿಸಿದ ತಟ್ಟೆಯನ್ನು ಪಂಪಾಪತಿಯ ಮುಂದಿಟ್ಟೆ. ಅವನು ಬಹಳ ಹೊತ್ತು ನೋಡಿದ. "ಇದು ನಂದೇ ದಾರ ಏನ್ರಿ?"

"ನಿಮ್ಮದೇ. ಒಳಗೆ ನೋಡಿ, ಕಪ್ಪು ಎಳೆ ಕಾಣುತ್ತದೆ."

"ಯಪ್ಪಾ, ಗಡ್ಡ ಬಿಟ್ಟೈತಲ್ರೀ ಇದು!"

ಹುಲಿಗೆಮ್ಮ ಆವತ್ತು ಮೊದಲ ಸಲ ನಕ್ಕಳು. ಆದರೂ ಅವನ ಮುಖದಿಂದ ಅಳುಕು ಹೋಗಲಿಲ್ಲ. ನೋಡಿದ್ದನ್ನು ನಂಬಿದ್ದ, ದಾರವಿಲ್ಲದ ಸೊಂಟ ಮಾತ್ರ ಅವನಿಗೆ ಊಹೆಗೂ ಸಿಗುತ್ತಿರಲಿಲ್ಲ. ಆಗ ದುರುಗಮ್ಮ ಡಾಕ್ಟರ ಕಡೆ ತಿರುಗಿದಳು.

"ನೀವು ತೆಗಿ ಅಂದ್ರಿ, ಅದಕ್ಕ ಅಂವ ಹೆದರಿದ. ಬದ್ಲು ಮಾಡು ಅನ್ರಿ. ಹೊಸಾದು ಕಟ್ಟಿ ಆಮ್ಯಾಲೆ ಹಳೇದು ಹರಿಯೋದು ನಮ್ಮ ಪದ್ಧತಿನೇ ಐತಿ. ನಡ ಒಂದು ಗಳಿಗಿನೂ ಬರಿದಾಗಂಗಿಲ್ಲ."

"ವಾರಕ್ಕೊಮ್ಮೆ ಬದಲಿಸಬೇಕಾಗತೈತಿ ಅವ್ವ" ಎಂದರು ಡಾಕ್ಟರು.

"ವಾರಕ್ಕೊಂದು ಕಟ್ಟಿದ್ರ ದೇವ್ರೇನು ಬ್ಯಾಡ ಅಂತಾನಾ? ದಾರಕ್ಕೇನ್ ಬರ ಬಂದೈತೇನು?"

ಡಾಕ್ಟರು ಜೋರಾಗಿ ನಕ್ಕರು. ಆ ಸೋಮವಾರ ಹುಲಿಗೆಮ್ಮನ ಮನೆಯ ಅಂಗಳದಲ್ಲಿ ಆ ಕೆಲಸ ನಡೆಯಿತು. ನಾನು ಅಲ್ಲಿರಲಿಲ್ಲ. ಆದರೂ ಅದು ನನಗೆ ಕಣ್ಣಿಗೆ ಕಟ್ಟಿದಂತಿದೆ. ದುರುಗಮ್ಮ ಹೊಸ ದಾರ ಕಟ್ಟಿ, ಹಳೆಯದನ್ನು ಕುಡುಗೋಲಿನಿಂದ ಕೊಯ್ದು, ಒಲೆಗೆ ಹಾಕಿದ್ದು. ಹುಲಿಗೆಮ್ಮ ಹೇಳಿದ್ದನ್ನು ಕೇಳಿ ಕೇಳಿ ನಾನೇ ಕಟ್ಟಿಕೊಂಡ ಚಿತ್ರ ಅದು. ನೆನಪು ಹೀಗೆ ತನ್ನದಲ್ಲದ ಅಂಗಳಕ್ಕೂ ನುಗ್ಗಿ ಕೂರುತ್ತದೆ. ಗಂಡಹೆಂಡಿರಿಬ್ಬರಿಗೂ ಒಟ್ಟಿಗೇ ಮಾತ್ರೆ ಶುರುವಾಯಿತು. ಬಟ್ಟೆ ಬೇರೆ ಬೇರೆ ಕುದಿಸಿ ಒಗೆದು ಬಿಸಿಲು ಕಂಡಾಗ ಬಂಡೆಯ ಮೇಲೆ ಹರವಿದರು. ಮಳೆಗಾಲ ಹಿಂದೆ ಸರಿಯುತ್ತಿತ್ತು, ಬಿಸಿಲೂ ಕೈಹಿಡಿಯಿತು.

ದಸರೆ ಬಂದು ಹೋಯಿತು. ಬಸಣ್ಣ ಇನ್ನೂ ಕೆಲವು ದಿನ ಕಾಯುತ್ತೇನೆಂದು ಹೇಳಿಕಳಿಸಿದ್ದ. ಮಾತ್ರೆ ಮುಗಿಯುವ ಹೊತ್ತಿಗೆ ಹುಲಿಗೆಮ್ಮನ ಕೈ ಕಣ್ಣಿಗೆ ಶುದ್ಧವಾಗಿತ್ತು. ಉಂಗುರಗಳಿದ್ದ ಜಾಗದಲ್ಲಿ ಕಂದು ನೆರಳು ಮಾತ್ರ. ಆದರೆ ಹಿಂದೊಮ್ಮೆ ಹೀಗೇ ಆಗಿ ಮರುಕಳಿಸಿತ್ತಲ್ಲ. ಡಾಕ್ಟರು ಮತ್ತೊಮ್ಮೆ ಕೆರೆಯಿಸಿದರು. ದಿನ ಕಳೆದರೂ ತಟ್ಟೆ ಖಾಲಿ. ನಾನು ಹಿಗ್ಗಬೇಕಿತ್ತು. ಹಿಗ್ಗಲು ಆಗಲಿಲ್ಲ. ಈ ಊರಿನಲ್ಲಿ ಖಾಲಿ ತಟ್ಟೆಗೆ ಎರಡು ಅರ್ಥವಿದ್ದವು.

"ಹುಲಿಗೆಮ್ಮ, ನಿಜ ಹೇಳು. ಆವತ್ತು ಬರುವ ಮೊದಲು ಕೈಗೆ ಏನಾದರೂ ಹಚ್ಚಿದ್ದೆಯಾ?" ಎಂದು ಕೇಳಿದೆ.

ಅವಳು ಸಿಟ್ಟಾಗುತ್ತಾಳೆ ಎಂದುಕೊಂಡೆ. ಅವಳು ತಲೆ ತಗ್ಗಿಸಿದಳು. "ಒಂಚೂರು ಕೊಬ್ರಿ ಎಣ್ಣಿ ರೀ. ಒಣಾ ಒಣಾ ಕಾಣತಿತ್ತು."

"ಮುಲಾಮು?"

"ಇಲ್ರಿ, ಹುಲಿಗೆಮ್ಮ ದೇವಿ ಆಣೆಗೂ ಇಲ್ಲ. ಎಣ್ಣಿ ಅಷ್ಟ. ನಾಳೆ ಹಂಗ ಬರ್ತೀನಿ, ಇನ್ನೊಮ್ಮೆ ಕೆರೀರಿ."

ಬೇಡವೆಂದು ನಾನೇ ಇನ್ನೊಂದಷ್ಟು ದಿನ ಬಿಟ್ಟು ಬರಹೇಳಿದೆ. ಸ್ನಾನಕ್ಕೆ ಬರೀ ನೀರು, ಎಣ್ಣೆಯ ಸುದ್ದಿಯೇ ಬೇಡ. ಅವಳು ಬಂದಳು, ಕೈ ಕಟ್ಟಿಗೆಯಂತೆ ಒಣಗಿತ್ತು. ಹಲವು ಕಡೆ ಕೆರೆದೆ, ಹಲವು ತಟ್ಟೆ ಹಾಕಿದೆ. ಪಂಪಾಪತಿಯ ಸೊಂಟದಿಂದ, ಆ ವಾರದ ದಾರದಿಂದ ಕೂಡ. ಕಾಯುವ ಆ ದಿನಗಳಲ್ಲಿ ಬಸಣ್ಣನ ಖಾನಾವಳಿಯ ಮುಂದೆ ಕಾರುಗಳು ನಿಲ್ಲತೊಡಗಿವೆ ಎಂದು ಯಾರೋ ಹೇಳಿದರು. ಸಾಕೆನಿಸುವಷ್ಟು ಕಾದ ಮೇಲೆ ಎಲ್ಲ ತಟ್ಟೆಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿಟ್ಟು ಡಾಕ್ಟರನ್ನು ಕರೆದೆ. ಅವರು ಒಂದೊಂದನ್ನೇ ಎತ್ತಿ ನೋಡಿದರು. ಎಲ್ಲವೂ ಬೆಳಿಗ್ಗೆ ಒರೆಸಿದ ನೆಲದಂತೆ ಸ್ವಚ್ಛ.

"ಹೋಗಿ ರೊಟ್ಟಿ ಬಡಿ ಅಂತ ಹೇಳು ಆಕಿಗೆ" ಎಂದರು.

ಅವಳ ಮೊದಲ ದಿನ ನಾನೂ ಹೋದೆ. ಖಾನಾವಳಿ ಅರ್ಧ ತುಂಬಿತ್ತು. ಹುಲಿಗೆಮ್ಮ ಒಲೆಯ ಮುಂದೆ ಕೂತು, ಬಳೆಗಳನ್ನು ಮೇಲಕ್ಕೆ ಸರಿಸಿ, ಮುದ್ದೆಯನ್ನು ಹಲಗೆಯ ಮೇಲೆ ಇಟ್ಟಿದ್ದಳಷ್ಟೆ. ದಿನವೂ ಬರುವ ಒಬ್ಬ ಆಟೋದವನು ಬಾಗಿಲಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ, "ಏನವ್ವ, ಕೈಯಾಗಿನ ಹುಳಕಡ್ಡಿ ಹೋತೇನು?" ಎಂದ.

ಊಟ ಮಾಡುತ್ತಿದ್ದವರ ಕಣ್ಣುಗಳು ಅವಳ ಕೈಗೆ ಹೋದವು. ಹುಲಿಗೆಮ್ಮ ಕೈ ಮುಚ್ಚಿಕೊಳ್ಳುತ್ತಾಳೆ ಎಂದು ನನಗೆ ಅನ್ನಿಸಿತು. ಅವಳು ಮುಚ್ಚಿಕೊಳ್ಳಲಿಲ್ಲ, ಬಡಿಯಲೂ ಇಲ್ಲ.

ಗಲ್ಲಾದಲ್ಲಿದ್ದ ಬಸಣ್ಣ ಎದ್ದ. ಸ್ಟೂಲು ಎಳೆದುಕೊಂಡು ಬಂದು ಒಲೆಯ ಪಕ್ಕದಲ್ಲಿ, ರಸ್ತೆಗೆ ಮುಖ ಮಾಡಿ ಕೂತ. ತಟ್ಟೆ ಮುಂದೆ ಹಿಡಿದ. "ಬಡಿಯವ್ವ, ಹಸಿವಾಗೈತಿ" ಎಂದ.

ಸಪ್ಪಳ ಶುರುವಾಯಿತು. ಅದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಚಪ್ಪಾಳೆಯಲ್ಲ, ಡೊಳ್ಳಲ್ಲ, ಎರಡರ ನಡುವಿನದೇನೋ. ರೊಟ್ಟಿ ಹಂಚಿಗೆ ಹೋಯಿತು, ಉಬ್ಬಿತು, ಬಸಣ್ಣನ ತಟ್ಟೆಗೆ ಬಿತ್ತು. ಅವನು ಪಲ್ಯಕ್ಕೂ ಕಾಯದೆ ಬರೀ ರೊಟ್ಟಿಯನ್ನೇ ಮುರಿದು ಬಾಯಿಗಿಟ್ಟ, ಎಲ್ಲರೂ ನೋಡುವಂತೆ ಅಗಿದ. ಆಟೋದವನು ಒಳಗೆ ಬಂದು ಬೆಂಚಿನ ತುದಿಗೆ ಕೂತ. "ನನಗೂ ಒಂದು ಹಾಕವ್ವ."

"ಪಾಳಿ ಐತಿ" ಎಂದಳು ಹುಲಿಗೆಮ್ಮ, ಅವನ ಕಡೆ ನೋಡದೆ. "ಮದ್ಲು ಮೇಡಮ್ಮಂದು. ಆಮ್ಯಾಲೆ ಆ ಅಜ್ಜಂದು. ನಿಂದು ಕಡೀಗೆ."

ಎಲ್ಲರೂ ನಕ್ಕರು. ಬಿಸಿ ರೊಟ್ಟಿ ನನ್ನ ತಟ್ಟೆಗೆ ಬಂತು. ತಿಂಗಳುಗಟ್ಟಲೆ ಆ ಕೈಯನ್ನು ನಾನು ಗ್ಲೌಸು ಹಾಕದೆ ಮುಟ್ಟಿದವಳಲ್ಲ. ಒಂದು ಗಳಿಗೆ ನನ್ನ ಬೆರಳು ತಡೆಯಿತೇ? ಇಲ್ಲ ಎಂದು ಬರೆಯುವ ಆಸೆಯಿದೆ, ಆದರೆ ಗೊತ್ತಿಲ್ಲ. ರೊಟ್ಟಿ ಮುರಿದೆ, ಬೆರಳು ಸುಟ್ಟಿತು. ಅಷ್ಟರಲ್ಲಿ ಹುಲಿಗೆಮ್ಮ ಮುಂದಿನ ಮುದ್ದೆಗೆ ಹಿಟ್ಟು ಚಿಮುಕಿಸಿ, ಹೊರಗೆ ನಿಧಾನ ಮಾಡಿದ ಒಂದು ಕಾರಿನ ಕಡೆ ಕಣ್ಣಿಟ್ಟು, ಇನ್ನಷ್ಟು ಜೋರಾಗಿ ಬಡಿಯತೊಡಗಿದಳು.